ಗಾಳಿಯಂತ್ರದ ರೆಕ್ಕೆಗಳೂ ಹೆರಿಗೆ ವಾರ್ಡಿನ ಬಟ್ಟೆಗಳೂ

ತ್ಯಾಜ್ಯ ವಿಲೇವಾರಿಯ ಮುಖ್ಯಾಧಿಕಾರಿಗಳೇ,

ನಮ್ಮ ಲಾಂಡ್ರಿಯ ಹಿಂದಿನ ಖಾಲಿ ಜಾಗದಲ್ಲಿ ಗಾಳಿಯಂತ್ರಗಳ ಹಳೆಯ ರೆಕ್ಕೆಗಳನ್ನು ಬಯಲಲ್ಲೇ ಕೊಯ್ಯಲು ಅನುಮತಿ ಕೊಟ್ಟವರು ನೀವು. ಅದರ ಧೂಳು ಹಸುಗೂಸುಗಳ ಮೈಮೇಲೆ ಹೋಗಿ ಕೂತಿತು. ಇದು ನನ್ನ ದೂರು. ಪೀಠಿಕೆ ಹಾಕಿ ನಿಮ್ಮ ಅಮೂಲ್ಯ ಸಮಯ ಹಾಳುಮಾಡುವುದಿಲ್ಲ; ಆ ಕೆಲಸಕ್ಕೆ ನಿಮ್ಮಲ್ಲೇ ಸಾಕಷ್ಟು ಸಿಬ್ಬಂದಿಯಿದ್ದಾರೆ.

ಲಾರಿಗಳು ರೆಕ್ಕೆಗಳನ್ನು ಹೊತ್ತು ಬಂದಾಗ ಬೀದಿಗೆ ಬೀದಿಯೇ ನೋಡಲು ನಿಂತಿತ್ತು. ಕೆಟ್ಟುಹೋದ ಗಾಳಿಯಂತ್ರದ ಕಬ್ಬಿಣಕ್ಕೆ, ತಾಮ್ರಕ್ಕೆ ಗಿರಾಕಿಗಳಿದ್ದಾರಂತೆ. ಗಾಜಿನ ನಾರಿಗೆ ಅಂಟು ಸೇರಿಸಿ ಮಾಡಿದ ರೆಕ್ಕೆ ಮಾತ್ರ ಯಾರಿಗೂ ಬೇಡ. ಯಾರಿಗೂ ಬೇಡದ್ದನ್ನು ಎಲ್ಲಿಡುವುದು ಎಂದು ಯೋಚಿಸಿದಾಗ ನಮ್ಮ ಹಿತ್ತಲು ನಿಮ್ಮ ಕಣ್ಣಿಗೆ ಬಿತ್ತು. ಗರಗಸ ಶುರುವಾಯಿತು.

ನಾನೂ ನನ್ನ ಅತ್ತಿಗೆಯೂ ಹೆರಿಗೆ ಆಸ್ಪತ್ರೆಯ ಬಟ್ಟೆ ಒಗೆಯುತ್ತೇವೆ. ಒಂದು ಬೆಳಿಗ್ಗೆ ವಾರ್ಡಿನ ನರ್ಸಮ್ಮ ಬಟ್ಟೆಗಂಟನ್ನು ವಾಪಸು ತಂದು ಮೇಜಿನ ಮೇಲಿಟ್ಟರು.

"ಬೇಜಾರು ಮಾಡ್ಕೋಬೇಡಿ ಅಕ್ಕ. ಮಕ್ಕಳ ಮೈಯೆಲ್ಲ ಕೆಂಪಗೆ ದದ್ದು ಎದ್ದಿದೆ. ಸೋಪು ಬದಲಾಯಿಸಿದ್ರಾ?"

"ಅದೇ ಸೋಪು" ಎಂದರು ಅತ್ತಿಗೆ. ಇಡೀ ಗಂಟನ್ನು ಮತ್ತೆ ಒಗೆದರು, ಮತ್ತೆ ಜಾಲಿಸಿದರು, ಮತ್ತೆ ತಾರಸಿಯಲ್ಲೇ ಒಣಹಾಕಿದರು. ದದ್ದು ಹೆಚ್ಚಾಯಿತು. ಆಸ್ಪತ್ರೆಯ ಕೆಲಸ ಬೇರೆಯವರ ಪಾಲಾಯಿತು. "ನನ್ನ ಕೈಯೇ ಕೆಟ್ಟಿದೆ ಕಣೇ" ಎಂದು ಅವರು ಊಟ ಬಿಟ್ಟು ಕೂತರು. ಆಮೇಲೊಮ್ಮೆ ಹಗ್ಗದ ಮೇಲಿನ ಹೊದಿಕೆಗೆ ಬಿಸಿಲು ಓರೆಯಾಗಿ ಬಿದ್ದಾಗ ನನಗೆ ಕಂಡಿತು: ಬಟ್ಟೆಯ ತುಂಬ ಕೂದಲಿಗಿಂತ ತೆಳುವಾದ ಮಿನುಗು. ಸವರಿದೆ. ಅಂಗೈ ಚುರುಗುಟ್ಟಿತು.

ದೂರು ಕೊಟ್ಟೆವು. ನೀವು ಖುದ್ದಾಗಿ ದಯಮಾಡಿಸಿದಿರಿ. ಕಾರಿನ ಗಾಜು ಏರಿಸಿಕೊಂಡೇ ಸ್ಥಳಪರಿಶೀಲನೆ ಮುಗಿಸಿ, ಬೆರಳಗಲ ಇಳಿಸಿ ತೀರ್ಪು ಕೊಟ್ಟಿರಿ: "ಬರೀ ಧೂಳಮ್ಮ. ಒದರಿದ್ರೆ ಹೋಗುತ್ತೆ." ಶುದ್ಧ ಇಂಧನದ ಹಿರಿಮೆಯನ್ನೂ ನಮಗೆ ಬೋಧಿಸಿದಿರಿ. ಗಾಳಿಯ ವಿದ್ಯುತ್ತು ಬೇಡವೆಂದು ನಾವು ಯಾವಾಗ ಅಂದೆವು? ನಮ್ಮ ಒಗೆಯುವ ಯಂತ್ರ ತಿರುಗುವುದೂ ಅದರಿಂದಲೇ. ಗಾಳಿಯಂತ್ರ ನೆಡುವಾಗ ಅದಕ್ಕೂ ಮುಪ್ಪು ಬರುತ್ತದೆಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ?

ಮರುದಿನ ಅತ್ತಿಗೆ ತಾರಸಿಯಿಂದ ಒಂದು ಹೊದಿಕೆ ತೆಗೆದು, ಮಡಿಚಿ, ನಿಮ್ಮ ಕಚೇರಿಗೆ ಬಂದರು. ಕಾದು ಕೂತವರೆಲ್ಲ ನೋಡುತ್ತಿದ್ದಂತೆ ಅದನ್ನು ನಿಮ್ಮೆದುರು ಬಿಚ್ಚಿದರು.

"ಒಗೆದಿರೋದು ಸಾರ್. ಒಂದು ಸಲ ಕುತ್ತಿಗೆಗೆ ಸುತ್ಕೊಳ್ಳಿ."

"ಏನಮ್ಮ ಇದು? ದೂರ ಇಡಿ."

"ಬರೀ ಧೂಳು ಅಂದ್ರಲ್ಲ. ನಾನೇ ಒದರಿ ಕೊಡ್ಲಾ?"

ನೀವು ಕುರ್ಚಿಸಮೇತ ಗೋಡೆಯವರೆಗೆ ಹಿಂದೆ ಸರಿದಿರಿ. ಪಕ್ಕದಲ್ಲೇ ನಿಂತಿದ್ದ ನನಗೆ ಮೈ ಉರಿದುಹೋಯಿತು. ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ನಿಮಗೆ ಎಲ್ಲವೂ ಗೊತ್ತಿತ್ತು.

ಆ ವಾರವೇ ರೆಕ್ಕೆಗಳು ಮಾಯವಾದವು. ನರ್ಸಮ್ಮ ಬಂದು ಅತ್ತಿಗೆಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು, ಕೆಲಸ ಮರಳಿತು. ದೂರು ಇತ್ಯರ್ಥವಾಗಿದೆ ಎಂದು ನೀವು ತಿಳಿಸಿದಿರಿ. ನಾನು ಉಸಿರು ಬಿಟ್ಟೆ. ಅತ್ತಿಗೆ ಬಿಡಲಿಲ್ಲ. "ಹೋಗಿದ್ದೆಲ್ಲಿಗೆ ಅವು?" ಎಂದು ಲಾರಿ ಚಾಲಕನನ್ನು ಕೇಳಿ ತಿಳಿದು, ಬಸ್ಸು ಹತ್ತಿ ನೋಡಿಬಂದರು. ಊರಾಚೆ, ಕೂಲಿಯವರ ಮನೆಸಾಲಿನ ಬೆನ್ನಿಗೇ ಅದೇ ಗರಗಸ. ಬಾಣಂತಿಯೊಬ್ಬಳು ತೊಟ್ಟಿಲ ಬಟ್ಟೆ ಹರವುತ್ತಿದ್ದಳಂತೆ.

"ಒಳಗೆ ಒಣಗಿಸು ತಾಯಿ" ಎಂದರೆ, "ಒಳಗೆ ಜಾಗ ಎಲ್ಲಿದೆ ಅಕ್ಕ?" ಎಂದಳಂತೆ.

ಕಸವನ್ನು ಒಬ್ಬರ ಹಿತ್ತಲಿಂದ ಇನ್ನೊಬ್ಬರ ಹಿತ್ತಲಿಗೆ ಸಾಗಿಸುವುದೇ ವಿಲೇವಾರಿಯಾದರೆ ಇಲಾಖೆ ಯಾಕೆ, ಲಾರಿ ಸಾಲದೇ? ಆ ಗರಗಸ ಇಂದೇ ನಿಲ್ಲಬೇಕು. ಕೊಯ್ಯಲೇಬೇಕಾದರೆ ಮುಚ್ಚಿದ ಶೆಡ್ಡಿನೊಳಗೆ, ನೀರು ಹಾಯಿಸಿ, ಕೊಯ್ಯುವವರ ಮೂಗು ಬಾಯಿಗೂ ರಕ್ಷಣೆ ಕೊಟ್ಟು ಕೊಯ್ಯಿಸಿ. ಚೂರುಗಳನ್ನು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸಿ. ಅಲ್ಲಿ ಅಂಟು ಉರುವಲಾಗುತ್ತದೆ, ಗಾಜು ಸಿಮೆಂಟಿನೊಳಗೆ ಸೇರುತ್ತದೆ. ಇನ್ನು ಮುಂದೆ ಗಾಳಿಯಂತ್ರ ನೆಡಲು ಬರುವ ಯಾವ ಕಂಪನಿಯೂ ಅದರ ಕೊನೆಗಾಲಕ್ಕೆ ತಾನೇ ಹೊಣೆಯೆಂದು ಒಪ್ಪದೆ ಒಂದು ಗುಂಡಿಯನ್ನೂ ತೋಡಕೂಡದು. ಆ ಬಾಣಂತಿ ನಿಮ್ಮ ಕಚೇರಿಯ ಮೆಟ್ಟಿಲು ಹತ್ತುವವರೆಗೆ ಕಾಯಬೇಡಿ.

ಇಂತಿ,
ದೂರು ಇತ್ಯರ್ಥವಾದರೂ ಸುಮ್ಮನಿರಲು ಬಾರದ
ಕೃತಘ್ನ ಲಾಂಡ್ರಿಯವಳು