ಮಗಳು ಆರಿಸಿದ ಕಾವ್ಯ

ಖಿಯೋಸ್, ಸೆಪ್ಟೆಂಬರ್ ೭, ಭಾನುವಾರ

ಅಳಿಯ ಸ್ತಮಾತಿಸ್ ಹಡಗಿನವನು, ಮುಂದಿನ ತಿಂಗಳು ಹೊರಡುತ್ತಾನೆ. ಮಗಳು ಎವಾಂಥಿಯಾ ಕಾಯುತ್ತ ಕೊರಗಿಯಾಳೆಂಬುದೇ ನನ್ನ ಕೊರಗಾಗಿತ್ತು.

ಇಂದು ಮದುವೆಯಲ್ಲಿ, ಹೆಂಡತಿ ಗಂಡನಿಗೆ ಅಂಜಬೇಕೆಂದು ಪಾದ್ರಿ ಓದಿದಾಗ ಮಗಳು, ಅಂಜೆನೆಂದು ತೋರಿಸುವ ಇಲ್ಲಿನ ವಾಡಿಕೆಯಂತೆ, ಗಂಡನ ಕಾಲು ತುಳಿದಳು. ಮೆಲ್ಲಗೆ ತುಳಿಯುವುದು ವಾಡಿಕೆ. ಇವಳು ಹಿಮ್ಮಡಿಯನ್ನೇ ಊರಿದಳು.

ಊಟದಲ್ಲಿ ಬೀಗರು ಕೆಣಕಿದರು: "ಮೇಷ್ಟ್ರೇ, ನೀವು ಪಾಠ ಮಾಡೋ ಹಳೇ ಕಾವ್ಯದಲ್ಲಿ ಸಮುದ್ರ ದಾಟಿ ಹೋದ ಗಂಡನಿಗಾಗಿ ಹೆಂಡ್ತಿ ವರ್ಷಗಟ್ಲೆ ಕಾಯ್ತಾಳಲ್ಲ, ಇವಳೂ ಕಾಯ್ಲಿ ಬಿಡಿ."

ಮಗಳೇ ಉತ್ತರಿಸಿದಳು: "ಕಾಯ್ತೀನಿ ಮಾವ. ಆದ್ರೆ ಅವಳು ಬಂದವನನ್ನ ಪರೀಕ್ಷೆ ಮಾಡಿನೇ ಗಂಡ ಅಂತ ಒಪ್ಪಿದ್ದು. ಅದೇ ಕವಿಯ ಯುದ್ಧದ ಕಾವ್ಯದಲ್ಲಿ, ಹೋಗ್ಬೇಡ ಅಂದ ಹೆಂಡ್ತಿ ಮಾತು ಮೀರಿ ಹೋದವನು ವಾಪಸ್ಸೇ ಬರ್ಲಿಲ್ಲ. ನಿಮ್ಮ ಮಗನಿಗೆ ಯಾವ ಕಾವ್ಯ ಬೇಕೋ ಕೇಳಿ."

"ಪರೀಕ್ಷೆಗೆ ಈಗಿಂದ್ಲೇ ಓದ್ಕೋತೀನಿ," ಎಂದ ಸ್ತಮಾತಿಸ್.

ಕುಣಿಯಲೆದ್ದ ಅಳಿಯ ಕುಂಟುತ್ತಿದ್ದ. ನನ್ನ ಕೊರಗು ಕರಗಿತ್ತು. ನನ್ನ ಕೋಟಿನ ಗುಂಡಿ ಕಿತ್ತುಬಂದದ್ದು ಮಾತ್ರ ಊಟದಿಂದಲ್ಲ, ಎದೆಯುಬ್ಬಿ.