ಇಮೇಜಿನೊಳಗೆ ಉಳಿದ ಪಾಸ್‌ವರ್ಡ್

ಇಕ್ರೋಮ್ ಅಕಾ,

ಅಣ್ಣನಂತಿದ್ದ ನಿಮಗೆ 'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ.

ನಮ್ಮ ರಕ್ತದಾನಿಗಳ ಹೆಸರು, ನಂಬರು, ಕಾಯಿಲೆ ಎಲ್ಲವೂ ಡೇಟಾಬೇಸಿನಿಂದ ಹೊರಗೆ ಸೋರಿದಾಗ ಚಿರ್ಚಿಕ್ ಊರಿನ ಹೆಂಗಸೊಬ್ಬರು ಆಫೀಸಿಗೇ ಬಂದಿದ್ದರಲ್ಲ. "ನನಗಿರೋ ಕಾಯಿಲೆ ಮಹಲ್ಲಾದ ಬೀದಿಬೀದಿಗೂ ಗೊತ್ತಾಯ್ತು. ಮಗಳ ಮದುವೆ ನಿಂತೋಯ್ತು. ಈಗ ಏನ್ಮಾಡ್ಲಿ ಹೇಳಿ" ಎಂದು ಬಾಗಿಲಲ್ಲೇ ಕೂತುಬಿಟ್ಟರು. ಅವರು ಹೋದ ಮೇಲೆ ನೀವು ಚಹಾದ ಬಟ್ಟಲನ್ನು ಕೆಳಗಿಡದೆಯೇ ಹೇಳಿದಿರಿ: "ಪಾಸ್‌ವರ್ಡ್ ಇದ್ದಿದ್ದು ಇಬ್ಬರ ಹತ್ರ. ನಾನಂತೂ ಅಲ್ಲ. ಇನ್ನು ನೀವೇ ಯೋಚ್ನೆ ಮಾಡಿ."

ಎಲ್ಲರೂ ಪಾಸ್‌ವರ್ಡ್ ಗೊತ್ತಿದ್ದ ಇನ್ನೊಬ್ಬರಾದ, ನಮ್ಮೆಲ್ಲರಿಗೂ ಅಕ್ಕನಂತಿದ್ದ ಲತೋಫತ್ ಓಪಾ ಕಡೆ ತಿರುಗಿದರು. "ಅಕಾ, ಅದನ್ನ ನನ್ನ ಮುಖ ನೋಡಿ ಹೇಳಿ" ಎಂದರು ಅವರು. ನೀವು ಕಿಟಕಿ ನೋಡುತ್ತಿದ್ದಿರಿ. ಓಪಾ ಅಂದೇ ಕೆಲಸ ಬಿಟ್ಟರು. ಹೆಸರು ಹೇಳದೆ ಹೆಸರು ಹೇಳಿದ ನಿಮ್ಮ ಜಾಣತನ ನನಗೆ ಆಗಲೇ ಸರಿಬರಲಿಲ್ಲ.

ಅವರ ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ರಕ್ತದಾನಿಗಳ ತಂತ್ರಾಂಶವನ್ನು ಪದರಗಳಲ್ಲಿ ಕಟ್ಟಿ, ಆಸ್ಪತ್ರೆಗಳು ಇಳಿಸಿಕೊಳ್ಳಲೆಂದು ನಾವು ಎಲ್ಲರಿಗೂ ತೆರೆದಿಟ್ಟಿದ್ದ ಕಂಟೇನರ್ ಇಮೇಜಿನ ಹಳೆಯ ಪ್ರತಿ ಅದರಲ್ಲಿತ್ತು. ಪದರ ಪದರವಾಗಿ ಬಿಚ್ಚಿ ನೋಡಿದೆ. ಇಮೇಜ್ ಕಟ್ಟುವಾಗಲೇ ಯಾರೋ ಡೇಟಾಬೇಸಿನ ಪಾಸ್‌ವರ್ಡನ್ನು ಒಳಗಿನ ಸೆಟ್ಟಿಂಗುಗಳಲ್ಲಿ, ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ, ಬರೆದಿದ್ದರು. ಮುಂದಿನ ಸಾಲಿನಲ್ಲಿ ಅದನ್ನು ಖಾಲಿ ಮಾಡಿದ್ದರೂ ಹಿಂದಿನ ಪದರದಲ್ಲಿ ಅದು ಹಾಗೇ ಇತ್ತು. ಇಳಿಸಿಕೊಂಡ ಯಾರು ಬೇಕಾದರೂ ಓದಬಹುದಿತ್ತು. ಆ ಸಾಲು ಸೇರಿಸಿದವರ ಜಾಗದಲ್ಲಿ ನಿಮ್ಮ ಹೆಸರಿತ್ತು.

ಅವಸರದಲ್ಲಿ ತಪ್ಪಿರಬಹುದು ಎಂದುಕೊಳ್ಳಲು ನೋಡಿದೆ. ಆದರೆ ನಾನು ಹೊಸಬಳಾಗಿದ್ದಾಗ ಪಕ್ಕ ಕೂರಿಸಿಕೊಂಡು, "ಕಟ್ಟೋವಾಗ ಬರೆದದ್ದು ಒಳಗೇ ಉಳಿಯುತ್ತೆ ತಂಗಿ, ಆಮೇಲೆ ಅಳಿಸಿದ್ರೂ ಹೋಗಲ್ಲ. ಗುಟ್ಟಿನದ್ದೇನಿದ್ರೂ ಓಡಿಸೋವಾಗ ಕೊಡು" ಎಂದು ಕಲಿಸಿದವರು ನೀವೇ. ಇನ್ನೊಂದು ವಿಷಯ. ಸುದ್ದಿ ಹೊರಬಿದ್ದ ಮರುದಿನವೇ ಆ ಇಮೇಜನ್ನು ಸರ್ವರಿನಿಂದ ತೆಗೆಸಿದ್ದೀರಿ. ಏನೂ ಗೊತ್ತಿಲ್ಲದವರು ಅದೊಂದನ್ನೇ ಯಾಕೆ ತೆಗೆಸುತ್ತಾರೆ?

ಇವತ್ತು ಬೆಳಿಗ್ಗೆ ಎಲ್ಲರ ಮುಂದೆ ಆ ಹಳೆಯ ಪ್ರತಿಯನ್ನು ತೆರೆದು ತೋರಿಸಿದೆ. ನಿಮ್ಮ ಕುರ್ಚಿ ಖಾಲಿಯಿತ್ತು. ಮಾಲೀಕರು ಅಲ್ಲಿಂದಲೇ ಓಪಾಗೆ ಫೋನ್ ಮಾಡಿ ಕ್ಷಮೆ ಕೇಳಿದರು, ಕೆಲಸಕ್ಕೆ ಕರೆದರು. ಓಪಾ, "ಬರ್ತೀನಿ. ಆದ್ರೆ ಅವತ್ತು ಕಿಟಕಿ ನೋಡ್ತಿದ್ದವರು ಮೊದ್ಲು ನನ್ನ ಜೊತೆ ಮಾತಾಡ್ಲಿ" ಎಂದರು.

ಗುರುವಾರ ಅವರ ಮನೆಯಲ್ಲಿ ಪಲೋವ್ ಊಟ. ನನ್ನನ್ನೂ ಕರೆದಿದ್ದಾರೆ, ನಿಮ್ಮನ್ನೂ. ಪಾಸ್‌ವರ್ಡ್ ಅಲ್ಲಿ ಬರೆದದ್ದನ್ನು ನಿಜವಾಗಿಯೂ ಮರೆತಿದ್ದರೆ ಬನ್ನಿ, ಅವರ ಮುಖ ನೋಡಿ ಹಾಗಂತ ಹೇಳಿ. ಗೊತ್ತಿದ್ದೂ ಸುಮ್ಮನಿದ್ದಿರಾದರೆ ಬರಬೇಡಿ. ನಮಗೆ ಅಷ್ಟು ಸಾಕು, ಅರ್ಥವಾಗುತ್ತದೆ.

ನಿಮ್ಮ ಮಕ್ಕಳು ಸುಖವಾಗಿರಲಿ. ನಿಮಗೇನು ಹಾರೈಸಬೇಕೆಂದು ಗುರುವಾರ ತಿಳಿಯುತ್ತದೆ.

ನೀವು ಕೆಲಸ ಕಲಿಸಿದ,
ಸನೋಬರ್