ಎರಡೂ ಕಡೆ ಚಿಲಕ

ಹೊಸ ಮನೆಯ ಆಫೀಸು ರೂಮಿನಿಂದ,
ತಾರೀಕು ಹದಿನೇಳು, ಭಾನುವಾರ ಬೆಳಿಗ್ಗೆ

ನನ್ನ ಹಿರೀ ಮಗಳಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ಮೊದಲು ಕನಸು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೇನೂ ಬರೆಯಲಾಗುವುದಿಲ್ಲ. ಮೂರನೇ ಮಹಡಿಯಲ್ಲಿ ಮೇಸ್ತ್ರಿ ಗೋಡೆ ಕೊರೆದು ಬಾಗಿಲು ಇಟ್ಟಿದ್ದಾನೆ. ತೆಗೆದರೆ ಆಚೆ ರೂಮೇ ಇಲ್ಲ! ಬರೀ ಗಾಳಿ, ಕೆಳಗೆ ಬಸ್ಸುಗಳು ಓಡಾಡುತ್ತಿವೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದವಳು ನಾನೇ. ಎದ್ದವಳೇ ಮೂರು ಮಹಡಿ ಹತ್ತಿ, ಬಾಗಿಲಾಚೆ ನೆಲ ಇದೆಯಾ ಅಂತ ಕಾಲಿಟ್ಟು ನೋಡಿದೆ. ಒಳಗಿದ್ದವರು "ಏನಮ್ಮಾ ಇಷ್ಟೊತ್ತಿಗೇ?" ಅಂದರು. "ಚಿಲಕಕ್ಕೆ ಎಣ್ಣೆ ಬೇಕಾ ನೋಡ್ತಿದ್ದೆ" ಅಂದುಬಿಟ್ಟೆ. ಅವರು ಎಣ್ಣೆ ಬೇಕು ಅಂದರು. ಈಗ ಅದೂ ಒಂದು ಕೆಲಸ ಗಂಟುಬಿತ್ತು.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. "ಗೆದ್ದಿಯಾ ಸೋತಿಯಾ ಅಷ್ಟಾದರೂ ಬರಿ" ಅಂತ ನೀನು ಕೇಳಿದ್ದೆ. ಗೊತ್ತಾಗುವ ಮೊದಲು ಬರೆದರೆ ದೃಷ್ಟಿಯಾಗುತ್ತೆ ಅಂತ ಬರೆಯಲಿಲ್ಲ, ಬೈಕೋಬೇಡ. ದೊಡ್ಡಮ್ಮನ ಮೊಣಕಾಲು ಹೇಗಿದೆ? ಹೊಲಿಗೆ ಮಿಷನ್ ತುಳಿಯೋದು ಕಡಿಮೆ ಮಾಡು ಅಂತ ಹೇಳು. ಕನ್ನಡಕದ ಅಂಗಡಿಯಲ್ಲಿ ನಿನ್ನನ್ನು ಇಡೀ ದಿನ ನಿಲ್ಲಿಸಿಯೇ ಇರುತ್ತಾರಾ?

ಗೆದ್ದೆವು ಕಣೇ. ಮೂವತ್ತಾರು ರೂಮಿನ ಹಳೇ ಲಾಡ್ಜು ನಿನ್ನೆಯಿಂದ ಮನೆಯಿಲ್ಲದ ಸಂಸಾರಗಳ ಮನೆ. ಮೂವತ್ತೊಂದು ಕುಟುಂಬ, ಮಕ್ಕಳೇ ಎಪ್ಪತ್ತು. ಸೈಕಲ್ ಅಂಗಡಿಯ ಅಟ್ಟದ ಮೇಲೆ ನರ್ಸಮ್ಮ ಮೂರು ರೂಮು ಹಿಡಿದು ನಮ್ಮದೂ ಸೇರಿ ನಾಲ್ಕು ಸಂಸಾರ ಇಟ್ಟುಕೊಂಡಾಗ ಜನ "ಆಸ್ಪತ್ರೆ ಕೆಲಸ ಬಿಟ್ಟು ಈ ಹುಚ್ಚು ಯಾಕೆ?" ಅಂದಿದ್ದರು. ಆಮೇಲೆ ಮುಚ್ಚಿದ ಪ್ರೆಸ್ಸಿನಲ್ಲಿ ಹದಿನಾಲ್ಕು ಆದೆವು. ಎಷ್ಟು ತೊಳೆದರೂ ಗೋಡೆಯಿಂದ ಶಾಯಿ ವಾಸನೆ ಹೋಗಲಿಲ್ಲ, ಮಕ್ಕಳ ಅಂಗಿಗೆಲ್ಲ ಕಪ್ಪು. ಈಗ ನೋಡು, ಮಹಡಿಗೆ ನಾಲ್ಕು ನಲ್ಲಿ, ಬಟ್ಟೆ ಒಣಗಿಸಲು ತಾರಸಿ!

ಜಗಳ ಏನಂತ ಹಿಂದೆ ಅರ್ಧ ಬರೆದಿದ್ದೆ. ಲಾಡ್ಜಿನ ರೂಮು ಚಿಕ್ಕವು. ನಮ್ಮ ಕಾರ್ಯದರ್ಶಿಗಳು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಬಂದವರು, ನಾವು ಬೆನ್ನ ಹಿಂದೆ ಅವರಿಗೆ ಠಸ್ಸೆ ಅನ್ನುವುದು. ಅವರು ನಿಯಮ ಓದಿದರು: ರೂಮಿಗೆ ನಾಲ್ಕೇ ಜನ, ಹೆಚ್ಚಿನ ಮಕ್ಕಳು ಹಾಸ್ಟೆಲಿಗೆ. "ಊಟ ಇದೆ, ಓದು ಇದೆ, ಭಾನುವಾರ ತಾಯಿ ಹೋಗಿ ನೋಡಬಹುದು. ತಪ್ಪೇನಿದೆ?" ಅಂದರು. ಕಮಿಟಿಯಲ್ಲಿ ಯಾರೂ ತಪ್ಪು ಅನ್ನಲಿಲ್ಲ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಇಸ್ತ್ರಿಯವಳ ಅರ್ಜಿಯೇ ಮೇಲಿತ್ತು. ಗಂಡ ಹೆಂಡತಿ, ಐದು ಮಕ್ಕಳು. ಎರಡು ಒಳಗೆ, ಮೂರು ಹೊರಗೆ ಅಂತ ಪೆನ್ಸಿಲಿನಲ್ಲಿ ಬರೆದೂ ಆಗಿತ್ತು.

ನಾನು ಟೀ ಲೋಟ ತೆಗೆಯಲು ಹೋದವಳು ಅಲ್ಲೇ ನಿಂತುಬಿಟ್ಟೆ. ಯಾಕೆ ನಿಂತೆ ಅಂತ ನಿಂತ ಮೇಲೆ ಯೋಚಿಸಿದೆ. ಟ್ರೇಯಲ್ಲಿ ಲೋಟಗಳೇ ನನಗಿಂತ ಮೊದಲು ಮಾತಾಡಿದವು.

"ಸ್ವಾಮಿ, ಯಾವ ಮೂರು ಅಂತ ಆರಿಸೋರು ಯಾರು?"

"ತಾಯೀನೇ ಆರಿಸಲಿ. ನಾವು ಬಲವಂತ ಮಾಡಲ್ಲ."

"ಹಾಗಾದರೆ ಆ ಕಾಗದವನ್ನ ಆ ತಾಯಿ ಮುಂದೆ ನೀವೇ ಹಿಡೀರಿ. ನಾನು ಹಿಡಿಯಲ್ಲ" ಅಂತ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟೆ. ಕೆಲಸ ಹೋಯಿತು, ನಿನ್ನ ತಮ್ಮನ ಕಾಲೇಜು ಹೋಯಿತು, ತಂಗಿಯ ಟೈಪಿಂಗ್ ಹೋಯಿತು ಅಂತ ಅಲ್ಲೇ ಲೆಕ್ಕ ಹಾಕಿಕೊಂಡೆ.

ಕೆಟ್ಟ ನಲ್ಲಿ ನೋಡಲು ಬಂದಿದ್ದ ಮೇಸ್ತ್ರಿ ಬಾಗಿಲಲ್ಲಿ ಕೇಳಿಸಿಕೊಳ್ಳುತ್ತಿದ್ದ. "ಅಲ್ಲ ಸಾರ್, ಇದಕ್ಯಾಕಿಷ್ಟು ರಾಮಾಯಣ? ಈ ನಡುಗೋಡೆ ಭಾರ ಹೊರೋದಲ್ಲ, ಬರೀ ಮರೆ. ಬಾಗಿಲು ಕೊರೆದರೆ ಎರಡು ರೂಮು ಸೇರಿ ಒಂದು ಮನೆ" ಅಂದ.

"ಜೋಡಿಸುತ್ತಾ ಹೋದರೆ ಅರ್ಧ ಕುಟುಂಬಗಳು ಬೀದಿಯಲ್ಲೇ ಉಳಿಯುತ್ತವಪ್ಪ" ಅಂದರು ಕಾರ್ಯದರ್ಶಿಗಳು. ಅದೂ ನಿಜವೇ. ಆದರೆ ಬಾಗಿಲು ಅಂದಕೂಡಲೇ ನನಗೆ ಚಿಲಕದ್ದೇ ಚಿಂತೆ ತಾನೇ, ಈ ಕಡೆಯವರು ಆ ಕಡೆ ನುಗ್ಗಿದರೆ ಅಂತ. ಅದನ್ನೇ ಅಂದೆ: "ಎರಡೂ ಕಡೆ ಚಿಲಕ ಇಡಿಸಬೇಕಾಗುತ್ತೆ." ನರ್ಸಮ್ಮ ತಲೆ ಎತ್ತಿದರು. "ಎರಡೂ ಕಡೆ ಹಾಕಿದರೆ ಗೋಡೆ. ತೆಗೆದರೆ ಮನೆ. ಚಿಕ್ಕ ಸಂಸಾರಕ್ಕೆ ಒಂದು ರೂಮು, ದೊಡ್ಡದಕ್ಕೆ ಎರಡು. ಇದನ್ನ ಮೊದಲೇ ಹೇಳಬಾರದಿತ್ತೇನೇ?" ಅಂದರು. ನಾನು ಹೇಳಿದ್ದು ಅಷ್ಟು ದೊಡ್ಡ ಮಾತು ಅಂತ ನನಗೇ ಗೊತ್ತಿರಲಿಲ್ಲ. ಕಾರ್ಯದರ್ಶಿಗಳು ಪೆನ್ಸಿಲ್ ಗೀಟು ಅಳಿಸಿ, ಬೀಗದ ಕೈ ನನ್ನ ಕಡೆ ತಳ್ಳಿ, "ತಗೊಳ್ಳಿ, ನಿಮ್ಮ ಆಯುಧ" ಅಂದರು.

ಹದಿನೆಂಟು ಬಾಗಿಲು. ಗುರುತು ಹಾಕುವ ಕೆಲಸ ನನ್ನದು. ಒಂದೊಂದನ್ನೂ ಮೂರು ಸಲ ಅಳೆದೆ, ಆದರೂ ಒಂದು ತಪ್ಪಿತು. ಮೇಸ್ತ್ರಿ ಒಡೆದ ಮೇಲೆ ನೋಡಿದರೆ ಆಚೆ ಸ್ನಾನದ ಮನೆ! ನಾನು ಅಳುತ್ತಾ ಕೂತರೆ ಅವನು, "ಬಿಡಿ ಅಮ್ಮಾ, ಸ್ನಾನದ ಮನೆಗೆ ರಾಜಬಾಗಿಲು ಇಟ್ಟ ಕೀರ್ತಿ ನಮ್ಮಿಬ್ಬರದೇ" ಅಂತ ನಕ್ಕು ಸಂಜೆಯೊಳಗೆ ಮುಚ್ಚಿದ. ಆ ಕನಸು ಬೀಳುವುದು ಅದಕ್ಕೇ ಇರಬೇಕು.

ನಿನ್ನೆ ನೀನು ನೋಡಬೇಕಿತ್ತು. ಮಂಚಗಳನ್ನು ಕಾರ್ಯದರ್ಶಿಗಳೇ ಹೊತ್ತರು, ಮೆಟ್ಟಿಲಲ್ಲಿ ಮೇಸ್ತ್ರಿ "ಪಾರ್ಸೆಲ್ ಬಂತು, ದಾರಿ ಬಿಡಿ!" ಅಂತ ಕೂಗುತ್ತಿದ್ದ, ಅವರೂ ನಗುತ್ತಿದ್ದರು. ಇಸ್ತ್ರಿಯವಳಿಗೆ ಎರಡನೇ ಮಹಡಿಯ ಜೋಡಿ ರೂಮು. ನಡುಬಾಗಿಲ ಚಿಲಕ ಎರಡನ್ನೂ ನಾನೇ ತೆಗೆದೆ. ನಾಲ್ಕು ಮಕ್ಕಳು ಆ ರೂಮಿಂದ ಈ ರೂಮಿಗೆ, ಈ ರೂಮಿಂದ ಆ ರೂಮಿಗೆ ಓಡಿದ್ದೇ ಓಡಿದ್ದು. ದೊಡ್ಡ ಹುಡುಗಿ ಮಾತ್ರ ಬಟ್ಟೆಗಂಟು ಹಿಡಿದು ವರಾಂಡದಲ್ಲೇ ನಿಂತಿದ್ದಳು. ಎಂಟು ವರ್ಷ ಇರಬಹುದು. "ಬಾ ಮಗಾ" ಅಂದೆ. "ನಾನೂ ಇಲ್ಲೇನಾ?" ಅಂತ ಕೇಳಿದಳು. "ನೀನೂ ಇಲ್ಲೇ" ಅಂದೆ. "ಎಷ್ಟು ದಿವಸ?" ಅಂದಳು. "ಇವರೆಲ್ಲ ಇರೋ ಅಷ್ಟು ದಿವಸ" ಅಂದೆ. ಆಗ ಗಂಟು ಕೆಳಗಿಟ್ಟಳು.

ಈಗ ತಾರಸಿಯಲ್ಲಿ ಮೂವತ್ತೊಂದು ಮನೆಯ ಬಟ್ಟೆ ಒಣಗುತ್ತಿದೆ. ಕೆಳಗಿನ ಬೀದಿಯ ಜನ ತಲೆ ಎತ್ತಿ ನೋಡುತ್ತಾರೆ. ನನಗೆ ಎಷ್ಟು ಸೊಕ್ಕು ಬಂದಿದೆ ಅಂದರೆ, ನಾನೂ ಬಗ್ಗಿ ಅವರನ್ನು ನೋಡುತ್ತೇನೆ.

ನಿನ್ನ ಕಣ್ಣು, ಕಾಲು, ನಿದ್ದೆ ಎಲ್ಲ ಚೆನ್ನಾಗಿರಲಿ. ಒಳ್ಳೆಯವರ ನಡುವೆ ಬಾಳು. ದೊಡ್ಡಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಅಮ್ಮ

ಮತ್ತೆ ಬರೆದದ್ದು: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸೈಕಲ್ ಅಂಗಡಿ ಅಟ್ಟದಲ್ಲಿ ಜಾಗ ಇರಲಿಲ್ಲ, ಅದಕ್ಕೇ ನಿನ್ನನ್ನು ದೊಡ್ಡಮ್ಮನ ಹತ್ತಿರ ಬಿಟ್ಟೆ ಅಂತ ಹದಿನಾಲ್ಕು ವರ್ಷ ಹೇಳಿಕೊಂಡು ಬಂದೆ. ಜಾಗ ಇತ್ತು. ಎಷ್ಟು ಮಕ್ಕಳು ಅಂತ ನರ್ಸಮ್ಮ ಕೇಳಿದರು, ಅಷ್ಟೇ. ಮೂರು ಅಂದರೆ ಬಾಗಿಲು ಹಾಕಿಬಿಟ್ಟಾರು ಅಂತ ಹೆದರಿ ಎರಡು ಅಂದೆ. ನೀನು ಎಂಟು ವರ್ಷದವಳು, ಒಬ್ಬಳೇ ಇರಬಲ್ಲೆ ಅಂದುಕೊಂಡೆ. ಒಂದು ವಾರಕ್ಕೆ ನಾಲ್ಕು ಮಕ್ಕಳ ಸಂಸಾರ ಬಂತು. "ಬನ್ನಿ, ಇನ್ನೊಂದು ಚಾಪೆ ಹಾಸಿದರಾಯ್ತು" ಅಂದರು ನರ್ಸಮ್ಮ. ಆಗಲೂ ನಾನು ಬಾಯಿ ಬಿಡಲಿಲ್ಲ. ಸುಳ್ಳು ಹೇಳಿದವಳು ಅಂತ ನಮ್ಮ ಮೂವರನ್ನೂ ಹೊರಗೆ ಹಾಕಿಯಾರು ಅನ್ನೋ ಭಯ. ಆ ಭಯಕ್ಕೆ ದಿನ ಹೋಗಿ ವರ್ಷವಾಯಿತು.

ನಿನ್ನೆ ಸಂಜೆ ನರ್ಸಮ್ಮನಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮೊದಲ ವರ್ಷದ ದಾಖಲೆ ಪುಸ್ತಕ ತರಿಸಿ, ನಮ್ಮ ಪುಟ ತೆಗೆದು, "ನೀನೇ ಬರಿ" ಅಂದರು. ತಮ್ಮ, ತಂಗಿಯ ಹೆಸರಿನ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಪೆನ್ಸಿಲಿನಲ್ಲಿ. ನೀನು ಬೇಡ ಅಂದರೆ ಅಳಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ. ಬೇಕು ಅಂದರೆ ಒಂದು ಕೆಲಸ ಮಾಡು. ನೀನು ಹುಟ್ಟಿದ್ದು ಹನ್ನೊಂದನೇ ತಾರೀಕು, ಅದು ನನಗೆ ಗೊತ್ತು. ಆದರೆ ಪುಸ್ತಕದಲ್ಲಿ ಹುಟ್ಟಿದ ತಾರೀಕು ಶಾಲೆ ಕಾಗದದಲ್ಲಿ ಇದ್ದಂತೆಯೇ ಇರಬೇಕಂತೆ, ನಿನ್ನನ್ನು ಅಲ್ಲಿ ಶಾಲೆಗೆ ಸೇರಿಸಿದ್ದು ನಾನಲ್ಲವಲ್ಲ. ಅಲ್ಲಿ ಹನ್ನೊಂದು ಅಂತಲೇ ಇದೆಯಾ, ಇನ್ನೊಂದು ಸಲ ನೋಡಿ ಬರಿ.